ಸೇನಾ ಕೈಗಡಿಯಾರಗಳ ಸಂಗ್ರಹ: ಹಿಂಬದಿಯ ಮುಚ್ಚಳ ಹೇಳುವ ಚರಿತ್ರೆ

ಸೈನ್ಯದಲ್ಲಿದ್ದ ಅಜ್ಜನ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ಪದಕಗಳ ಪಕ್ಕದಲ್ಲಿ, ಪಟ್ಟಿ ಕಳಚಿದ, ಗಾಜು ಮಾಸಿದ ಕೈಗಡಿಯಾರವೊಂದು ದೊರೆತರೆ ಅದನ್ನು ಏನು ಮಾಡಬೇಕು? ಬಹುಪಾಲು ಮನೆಗಳಲ್ಲಿ ಅದು ಗುಜರಿಗೆ ಹೋಗುತ್ತದೆ. ಇಲ್ಲವೇ ಸಮೀಪದ ಅಂಗಡಿಯಲ್ಲಿ ಡಯಲ್‌ಗೆ ಹೊಸ ಬಣ್ಣ ಬಳಿಸಿ, ಕವಚವನ್ನು ಉಜ್ಜಿಸಿ, ಫಳಫಳ ಹೊಳೆಯುವಂತೆ ಮಾಡಿ ಮೊಮ್ಮಗನ ಕೈಗೆ ಕಟ್ಟಲಾಗುತ್ತದೆ. ಎರಡೂ ನಷ್ಟದ ದಾರಿಗಳೇ. ಮೊದಲನೆಯದರಲ್ಲಿ ವಸ್ತು ಹೋಗುತ್ತದೆ, ಎರಡನೆಯದರಲ್ಲಿ ವಸ್ತು ಉಳಿದು ಅದರ ಚರಿತ್ರೆ ಅಳಿಸಿಹೋಗುತ್ತದೆ. ಮೂರನೆಯ ಅಪಾಯವೊಂದುಂಟು, ಅದು ಆರೋಗ್ಯಕ್ಕೆ ಸಂಬಂಧಿಸಿದ್ದು. ಹಳೆಯ ಸೇನಾ ಗಡಿಯಾರಗಳ ಡಯಲ್ ಮೇಲಿನ ಬಣ್ಣ ವಿಕಿರಣಶೀಲವಾಗಿರುವ ಸಾಧ್ಯತೆ ಬಹಳ ಹೆಚ್ಚು.

ಹಳೆಯ ಸೇನಾ ಕೈಗಡಿಯಾರಗಳ ಸಂಗ್ರಹ ಇಂದು ಜಗತ್ತಿನಾದ್ಯಂತ ಬೆಳೆದಿರುವ ಹವ್ಯಾಸ. ಚಿನ್ನ, ವಜ್ರಗಳಿಲ್ಲದ, ಅಲಂಕಾರವಿಲ್ಲದ ಈ ಉಕ್ಕಿನ ಗಡಿಯಾರಗಳಿಗೆ ಬೆಲೆ ಬರುವುದು ಅವುಗಳ ಮೇಲೆ ಕೆತ್ತಿರುವ ಕೆಲವು ಅಕ್ಷರ, ಅಂಕಿಗಳಿಂದ. ಆ ಅಕ್ಷರಗಳನ್ನು ಓದುವುದು ಹೇಗೆ, ಅಸಲಿಯನ್ನು ಗುರುತಿಸುವುದು ಹೇಗೆ, ಕಾಪಾಡುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಯಾವುದು ಸೇನಾ ಗಡಿಯಾರ?

ಸೈನಿಕ ಧರಿಸಿದ್ದೆಲ್ಲವೂ ಸೇನಾ ಗಡಿಯಾರವಲ್ಲ. ಸಂಗ್ರಾಹಕರು ಇಲ್ಲಿ ಸ್ಪಷ್ಟವಾದ ಗೆರೆಯೊಂದನ್ನು ಎಳೆಯುತ್ತಾರೆ. ಸರ್ಕಾರವೇ ತನ್ನ ನಿರ್ದಿಷ್ಟ ಮಾನದಂಡಕ್ಕೆ ಅನುಗುಣವಾಗಿ ಮಾಡಿಸಿ, ತನ್ನ ಗುರುತು ಹಾಕಿಸಿ, ಸೈನಿಕನಿಗೆ ವಿತರಿಸಿದ್ದು ಒಂದು ವರ್ಗ. ಇದು ಸೈನಿಕನ ಸ್ವಂತ ಆಸ್ತಿಯಲ್ಲ. ಬಂದೂಕಿನಂತೆ, ಕಂಬಳಿಯಂತೆ ಸೇವೆ ಮುಗಿದ ಮೇಲೆ ಮರಳಿಸಬೇಕಾದ ಸರಂಜಾಮು. ಸೈನಿಕ ತನ್ನ ಸಂಬಳದಿಂದ ಕೊಂಡು ಧರಿಸಿದ್ದು ಎರಡನೆಯ ವರ್ಗ. ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಸೈನಿಕರು ಸೇನಾ ಮಳಿಗೆಗಳಲ್ಲಿ ಕೊಂಡುಕೊಳ್ಳುತ್ತಿದ್ದ ಜಪಾನಿನ ಸೈಕೋ ಡೈವಿಂಗ್ ಗಡಿಯಾರಗಳು ಇದಕ್ಕೆ ಉದಾಹರಣೆ. ಸೇನೆಯ ಹೆಸರು, ವಿನ್ಯಾಸಗಳನ್ನು ಅನುಕರಿಸಿ ಸಾರ್ವಜನಿಕರಿಗಾಗಿ ತಯಾರಾದವು ಮೂರನೆಯ ವರ್ಗ. ಮೂರಕ್ಕೂ ಅವುಗಳದೇ ಆದ ಸ್ಥಾನವಿದೆ. ಆದರೆ ಒಂದನ್ನು ಇನ್ನೊಂದೆಂದು ಹೇಳಿ ಮಾರಿದಾಗ ಮೋಸ ಆರಂಭವಾಗುತ್ತದೆ.

ಕಂದಕಗಳಲ್ಲಿ ಬೆಳೆದ ವಸ್ತು

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಯುರೋಪಿನಲ್ಲಿ ಕೈಗಡಿಯಾರವೆಂದರೆ ಹೆಂಗಸರ ಆಭರಣ. ಗಂಡಸರದೇನಿದ್ದರೂ ಸರಪಣಿಗೆ ತೂಗುವ ಜೇಬುಗಡಿಯಾರ. ಈ ಭಾವನೆಯನ್ನು ಅಳಿಸಿದ್ದು ಯುದ್ಧ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳು ಜೇಬುಗಡಿಯಾರವನ್ನು ಚರ್ಮದ ಚೀಲದಲ್ಲಿಟ್ಟು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದರು.

ಮೊದಲನೆಯ ಮಹಾಯುದ್ಧದಲ್ಲಿ ಅದು ಅನಿವಾರ್ಯವಾಯಿತು. ಹಿಂದಿನಿಂದ ಫಿರಂಗಿಗಳು ಗುಂಡು ಹಾರಿಸುತ್ತ ಗುರಿಯನ್ನು ನಿಗದಿತ ಸಮಯಕ್ಕೆ ಮುಂದೆ ಮುಂದೆ ಸರಿಸುತ್ತಿದ್ದವು. ಆ ಗುಂಡಿನ ತೆರೆಯ ಹಿಂದೆಯೇ ಕಾಲಾಳುಗಳು ಕಂದಕದಿಂದ ಮೇಲೆದ್ದು ಸಾಗಬೇಕಿತ್ತು. ಗಡಿಯಾರ ಒಂದು ನಿಮಿಷ ಮುಂದಿದ್ದರೆ ಸ್ವಂತ ಫಿರಂಗಿಯ ಗುಂಡಿಗೇ ಬಲಿ, ಒಂದು ನಿಮಿಷ ಹಿಂದಿದ್ದರೆ ಎದುರಾಳಿಯ ಮಷಿನ್‌ಗನ್ನಿಗೆ ಬಲಿ. ಒಂದು ಕೈಯಲ್ಲಿ ಆಯುಧ ಹಿಡಿದವನಿಗೆ ಜೇಬು ತಡಕಾಡಲು ವ್ಯವಧಾನವಿರಲಿಲ್ಲ. ಕತ್ತಲೆಯಲ್ಲಿ ಓದಲು ರೇಡಿಯಂ ಬಳಿದ ಅಂಕಿಗಳು, ಗಾಜನ್ನು ಕಾಪಾಡಲು ಲೋಹದ ಜಾಲರಿ, ಪಟ್ಟಿ ಸಿಕ್ಕಿಸಲು ಕವಚಕ್ಕೆ ಬೆಸೆದ ತಂತಿಯ ಕಿವಿಗಳು ಈ ಕಾಲದ ಗಡಿಯಾರಗಳ ಲಕ್ಷಣ. ಯುದ್ಧದಿಂದ ಮರಳಿದವರ ಕೈಯಲ್ಲಿ ಇದನ್ನು ಕಂಡ ಮೇಲೆ ಗಂಡಸು ಕೈಗಡಿಯಾರ ಕಟ್ಟುವುದನ್ನು ಯಾರೂ ಹಾಸ್ಯ ಮಾಡಲಿಲ್ಲ.

ಎರಡನೆಯ ಮಹಾಯುದ್ಧದ ಮೂರು ಮಾದರಿಗಳು

ಸಂಗ್ರಾಹಕರ ಆಸಕ್ತಿಯ ಕೇಂದ್ರ ಎರಡನೆಯ ಮಹಾಯುದ್ಧ. ಅಮೆರಿಕದ 'ಎ-11' ಮಾದರಿಯನ್ನು ಎಲ್ಜಿನ್, ವಾಲ್ತಂ ಮತ್ತು ಬುಲೋವಾ ಕಂಪನಿಗಳು ತಯಾರಿಸಿದವು. ಕಪ್ಪು ಡಯಲ್, ಬಿಳಿ ಅಂಕಿ, ನಡುವಿನಿಂದ ಹೊರಡುವ ಸೆಕೆಂಡಿನ ಮುಳ್ಳು. ಕೀಲಿಗುಂಡಿಯನ್ನು ಹೊರಗೆಳೆದರೆ ಸೆಕೆಂಡಿನ ಮುಳ್ಳು ಅಲ್ಲಿಯೇ ನಿಲ್ಲುವುದು ಇದರ ಮುಖ್ಯ ಗುಣ. ಇದರಿಂದ ಒಂದು ತುಕಡಿಯ ಎಲ್ಲ ಗಡಿಯಾರಗಳನ್ನೂ ಒಂದೇ ಸೆಕೆಂಡಿಗೆ ಹೊಂದಿಸಲು ಸಾಧ್ಯವಾಯಿತು.

ಜರ್ಮನಿಯ ವಾಯುಪಡೆಯ ವೀಕ್ಷಕರಿಗಾಗಿ ತಯಾರಾದ 'ಬಿ-ಊರ್' ಗಡಿಯಾರದ ಅಗಲ 55 ಮಿಲಿಮೀಟರ್. ದಪ್ಪ ಚರ್ಮದ ಅಂಗಿಯ ತೋಳಿನ ಮೇಲೆ ಕಟ್ಟಲು ಉದ್ದನೆಯ ಪಟ್ಟಿ, ಕೈಗವಸು ಧರಿಸಿಯೂ ತಿರುಗಿಸಬಹುದಾದ ಈರುಳ್ಳಿಯಾಕಾರದ ಕೀಲಿಗುಂಡಿ ಇದಕ್ಕಿದ್ದವು. ಎ. ಲಾಂಗೆ, ಲಾಕೊ, ಸ್ಟೋವಾ, ವೆಂಪೆ ಮತ್ತು ಸ್ವಿಟ್ಜರ್ಲೆಂಡಿನ ಐಡಬ್ಲ್ಯುಸಿ ಇದರ ಐವರು ತಯಾರಕರು. ಕವಚದ ಪಕ್ಕದಲ್ಲಿ 'ಎಫ್‌ಎಲ್ 23883' ಎಂಬ ಗುರುತು ಕೆತ್ತಿರುತ್ತದೆ.

ಬ್ರಿಟನ್ನಿನ ಕಥೆ ಇನ್ನೂ ಸ್ವಾರಸ್ಯಕರ. ಯುದ್ಧದ ಆರಂಭದಲ್ಲಿ ಸಾಮಾನ್ಯ ನಾಗರಿಕ ಗಡಿಯಾರಗಳನ್ನೇ ಅಲ್ಪಸ್ವಲ್ಪ ಬದಲಿಸಿ ಕೊಳ್ಳಲಾಗುತ್ತಿತ್ತು. ಅವುಗಳ ಹಿಂಬದಿಯಲ್ಲಿ 'ಎ.ಟಿ.ಪಿ.' ಎಂಬ ಅಕ್ಷರಗಳಿರುತ್ತವೆ. ಅವು ಸಾಲದೆ ರಕ್ಷಣಾ ಇಲಾಖೆ ಸೈನಿಕನಿಗೆಂದೇ ಹೊಸ ಮಾನದಂಡ ರೂಪಿಸಿತು. ಕಪ್ಪು ಡಯಲ್, ಆರರ ಸ್ಥಾನದಲ್ಲಿ ಸಣ್ಣ ಸೆಕೆಂಡಿನ ವೃತ್ತ, 15 ಕಲ್ಲುಗಳ ಒಳಯಂತ್ರ, ಒಡೆಯದ ಗಾಜು, ನೀರು ನುಗ್ಗದ ಕವಚ. ಬ್ಯೂರೆನ್, ಸೈಮಾ, ಎಟರ್ನಾ, ಗ್ರಾನಾ, ಐಡಬ್ಲ್ಯುಸಿ, ಯೇಗರ್-ಲಕುಲ್ತ್ರ, ಲೆಮಾನಿಯಾ, ಲಾಂಜಿನ್, ಓಮೆಗಾ, ರೆಕಾರ್ಡ್, ಟಿಮೋರ್ ಮತ್ತು ವರ್ಟೆಕ್ಸ್ ಎಂಬ 12 ಹೆಸರುಗಳಲ್ಲಿ ಇವು ತಯಾರಾದವು. ಹಿಂಬದಿಯಲ್ಲಿ 'ಡಬ್ಲ್ಯು.ಡಬ್ಲ್ಯು.ಡಬ್ಲ್ಯು.' ಎಂಬ ಗುರುತು. ಗಡಿಯಾರ, ಮಣಿಕಟ್ಟಿನದು, ಜಲನಿರೋಧಕ ಎಂಬ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳವು. 1967ರ ಪ್ರಸಿದ್ಧ ಚಲನಚಿತ್ರದ ಹೆಸರನ್ನೇ ಎರವಲು ಪಡೆದು ಸಂಗ್ರಾಹಕರು ಇವನ್ನು 'ಡರ್ಟಿ ಡಜನ್' ಎಂದು ಕರೆಯುತ್ತಾರೆ.

ಇವು ಸೇನೆಗೆ ಪೂರೈಕೆಯಾದದ್ದು 1945ರಲ್ಲಿ, ಅಂದರೆ ಯುದ್ಧ ಮುಗಿಯುವ ಹೊತ್ತಿಗೆ. ಒಟ್ಟು ಸಂಖ್ಯೆ ಸುಮಾರು ಒಂದೂವರೆ ಲಕ್ಷವೆಂಬುದು ಸಂಗ್ರಾಹಕರ ಅಂದಾಜು. ಓಮೆಗಾ, ರೆಕಾರ್ಡ್, ಸೈಮಾ ಸುಲಭವಾಗಿ ದೊರೆತರೆ ಗ್ರಾನಾ ಅತ್ಯಂತ ವಿರಳ. ಹನ್ನೆರಡನ್ನೂ ಕೂಡಿಸಹೊರಟವರು ಹನ್ನೊಂದಕ್ಕೆ ನಿಂತು ವರ್ಷಗಟ್ಟಲೆ ಕಾಯುವುದು ಇದರಿಂದಲೇ. 'ನಾರ್ಮಂಡಿ ದಂಡಯಾತ್ರೆಯಲ್ಲಿ ಧರಿಸಿದ್ದು' ಎಂದು 1944ರ ಕಥೆ ಕಟ್ಟಿ ಈ ಮಾದರಿಯನ್ನು ಮಾರುವವರಿಂದ ದೂರವಿರಬೇಕಾದುದೂ ಇದರಿಂದಲೇ.

ಯುದ್ಧಾನಂತರದ ಗಡಿಯಾರಗಳು

ಬ್ರಿಟಿಷ್ ವಾಯುಪಡೆಯ 'ಮಾರ್ಕ್ 11' 1949ರಿಂದ ಬಳಕೆಗೆ ಬಂತು. ವಿಮಾನದ ಉಪಕರಣಗಳ ಕಾಂತಕ್ಷೇತ್ರದಿಂದ ಒಳಯಂತ್ರ ಕೆಡದಂತೆ ಅದರ ಸುತ್ತ ಮೆದು ಕಬ್ಬಿಣದ ಒಳಕವಚವಿತ್ತು. ಐಡಬ್ಲ್ಯುಸಿ ಮತ್ತು ಯೇಗರ್-ಲಕುಲ್ತ್ರ ಇದನ್ನು ತಯಾರಿಸಿದವು. 1967ರಿಂದ 1970ರವರೆಗೆ ಇಂಗ್ಲೆಂಡಿನ ಚೆಲ್ಟನ್‌ಹ್ಯಾಂನಲ್ಲಿ ಸ್ಮಿತ್ಸ್ ಕಂಪನಿ 'ಡಬ್ಲ್ಯು 10' ಗಡಿಯಾರವನ್ನು ಭೂಸೇನೆಗೆ ಒದಗಿಸಿತು. ಹಿಂಬದಿಯಲ್ಲಿ ತಯಾರಿಕೆಯ ವರ್ಷವೇ ಇರುವುದರಿಂದ ಹೊಸ ಸಂಗ್ರಾಹಕರಿಗೆ ಇದು ಅಚ್ಚುಮೆಚ್ಚು. ಅನಂತರ ಹ್ಯಾಮಿಲ್ಟನ್ ಮತ್ತು 1972ರಲ್ಲಿ ಸ್ಥಾಪನೆಯಾದ ಸಿಡಬ್ಲ್ಯುಸಿ ಕಂಪನಿಗಳು ಆ ಸ್ಥಾನ ತುಂಬಿದವು.

ಸೋವಿಯತ್ ಒಕ್ಕೂಟದ 'ಷ್ತುರ್ಮಾನ್ಸ್ಕಿಯೆ' ವಿಮಾನಚಾಲಕರ ಗಡಿಯಾರ. 1961ರಲ್ಲಿ ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋದಾಗ ಧರಿಸಿದ್ದು ಈ ಮಾದರಿಯನ್ನೇ. ಟ್ಯಾಂಕು, ಜಲಾಂತರ್ಗಾಮಿಗಳ ಚಿತ್ರವಿರುವ ಬಣ್ಣಬಣ್ಣದ ವೊಸ್ಟೋಕ್ ಗಡಿಯಾರಗಳ ಮಾತು ಬೇರೆ. ಅವುಗಳಲ್ಲಿ ಬಹುಪಾಲು ಸಾರ್ವಜನಿಕ ಮಾರಾಟಕ್ಕೆ ತಯಾರಾದ ಸ್ಮರಣಿಕೆಗಳೇ ಹೊರತು ಸೇನೆ ವಿತರಿಸಿದ್ದಲ್ಲ.

ನಮ್ಮ ನೆಲದ ನಂಟು

ಭಾರತದ ಸೈನಿಕನಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1886ರಲ್ಲಿ ಮುಂಬಯಿಯಲ್ಲಿ ಆರಂಭವಾದ ವೆಸ್ಟ್ ಎಂಡ್ ವಾಚ್ ಕಂಪನಿಯ ಸ್ವಿಸ್ ಗಡಿಯಾರಗಳು, ಅದರಲ್ಲೂ 'ಸವಾರ್' ಮಾದರಿ, ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಹೆಸರು ಮಾಡಿದ್ದವು. ಕುದುರೆ ಸವಾರನ ಆ ಹೆಸರೇ ಅದು ಯಾರಿಗಾಗಿ ಎಂಬುದನ್ನು ಹೇಳುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಇಂಥದೊಂದು ಸಿಕ್ಕರೆ ಅದು ಅಜ್ಜನೋ ಮುತ್ತಜ್ಜನೋ ಸಂಬಳದಲ್ಲಿ ಕೊಂಡದ್ದಾಗಿರಬಹುದು; ಹಿಂಬದಿಯ ಕೆತ್ತನೆ ನೋಡದೆ ತೀರ್ಮಾನಿಸಬಾರದು.

ಸ್ವತಂತ್ರ ಭಾರತದ ಅಧ್ಯಾಯ ತೆರೆದದ್ದು ಬೆಂಗಳೂರಿನಲ್ಲಿ. 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ 1961ರಲ್ಲಿ ಇಲ್ಲಿ ಕೈಗಡಿಯಾರ ಕಾರ್ಖಾನೆ ಆರಂಭಿಸಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಸೋನಾ, ಕೊಹಿನೂರ್‌ಗಳ ಜತೆಗೆ ಕಪ್ಪು ಡಯಲ್‌ನ 'ಪೈಲಟ್' ಹಾಗೂ ಸೈನಿಕರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ, ಇಪ್ಪತ್ತನಾಲ್ಕು ಗಂಟೆಗಳ ಅಂಕಿಗಳೂ ಇರುವ 'ಜವಾನ್' ಇಂದು ಸಂಗ್ರಾಹಕರು ಹುಡುಕುವ ಮಾದರಿಗಳು. ಆದರೆ ಹೆಸರಷ್ಟೇ ಸೇನಾ ವಿತರಣೆಗೆ ಸಾಕ್ಷಿಯಲ್ಲ. ಈ ಹೆಸರಿನ ಗಡಿಯಾರಗಳು ಸಾರ್ವಜನಿಕರ ಕೈಯಲ್ಲೂ ಧಾರಾಳವಾಗಿದ್ದವು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಪಾರಂಪರಿಕ ಕೇಂದ್ರ ಮತ್ತು ವಸ್ತುಸಂಗ್ರಹಾಲಯದಲ್ಲಿ ಹಳೆಯ ಮಾದರಿಗಳನ್ನು ಕಾಣಬಹುದು. ಅಸಲಿ ಡಯಲ್‌ನ ಅಕ್ಷರ ವಿನ್ಯಾಸವನ್ನು ಕಣ್ಣಿಗೆ ರೂಢಿಸಿಕೊಳ್ಳಬಯಸುವವರಿಗೆ ಅದೊಂದು ಪಾಠಶಾಲೆ.

ಹಿಂಬದಿಯನ್ನು ಓದುವ ಬಗೆ

ಬ್ರಿಟಿಷ್ ಗಡಿಯಾರಗಳ ಮೇಲೆ ಮೂರು ಗೆರೆಗಳ ಬಾಣದ ಗುರುತಿರುತ್ತದೆ. 'ಬ್ರಾಡ್ ಆರೋ' ಎಂಬ ಇದು ಶತಮಾನಗಳಿಂದ ಬ್ರಿಟಿಷ್ ಸರ್ಕಾರಿ ಆಸ್ತಿಯ ಮುದ್ರೆ. 1945ರ ಮಾದರಿಯಲ್ಲಿ ಇದು ಡಯಲ್ ಮೇಲೂ ಹಿಂಬದಿಯಲ್ಲೂ ಇರುತ್ತದೆ. ಜತೆಗೆ ತಯಾರಕನ ಕ್ರಮಸಂಖ್ಯೆ ಮತ್ತು ಸಾಮಾನ್ಯವಾಗಿ ಅಕ್ಷರವೊಂದರಿಂದ ಆರಂಭವಾಗುವ ಸೇನಾ ಸಂಖ್ಯೆ ಎಂದು ಎರಡು ಸಂಖ್ಯೆಗಳಿರುತ್ತವೆ.

1960ರ ದಶಕದ ನಂತರದವುಗಳಲ್ಲಿ ನ್ಯಾಟೊ ದಾಸ್ತಾನು ಸಂಖ್ಯೆ ಕಾಣುತ್ತದೆ. ಅದರಲ್ಲಿ '6645' ಎಂದರೆ ಕಾಲಮಾಪಕ ಉಪಕರಣಗಳ ವರ್ಗ, '99' ಎಂದರೆ ಬ್ರಿಟನ್. ಅವುಗಳಿಗೆ ಮೊದಲು ಬರುವ 'ಡಬ್ಲ್ಯು 10' ಭೂಸೇನೆಯನ್ನೂ, '0552' ನೌಕಾಪಡೆಯನ್ನೂ, '6ಬಿಬಿ' ವಾಯುಪಡೆಯನ್ನೂ ಸೂಚಿಸುತ್ತವೆ. ಕೊನೆಯ ಸಾಲಿನಲ್ಲಿ ಕ್ರಮಸಂಖ್ಯೆ ಮತ್ತು ವರ್ಷದ ಎರಡು ಅಂಕಿ. ಡಯಲ್ ಮೇಲೆ ವೃತ್ತದೊಳಗೆ 'ಟಿ' ಅಕ್ಷರವಿದ್ದರೆ ಹೊಳೆಯುವ ಬಣ್ಣ ಟ್ರಿಟಿಯಂ ಎಂದರ್ಥ.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಬದಲಾದ ಭಾಗವೆಲ್ಲ ನಕಲಿಯಲ್ಲ. ಸೇನೆಯ ಕಾರ್ಯಾಗಾರಗಳೇ ದುರಸ್ತಿಯ ವೇಳೆ 1945ರ ಗಡಿಯಾರಗಳ ರೇಡಿಯಂ ಡಯಲ್ ತೆಗೆದು ತಯಾರಕನ ಹೆಸರೂ ಸರಳವಾಗಿರುವ ಹೊಸ ಡಯಲ್ ಕೂರಿಸಿದ್ದುಂಟು. ಮುಳ್ಳು, ಕೀಲಿಗುಂಡಿಗಳೂ ಹೀಗೆ ಬದಲಾಗಿವೆ. ಕಾರ್ಖಾನೆಯಿಂದ ಹೊರಟ ರೂಪದಲ್ಲಿ ಅದು ಇಲ್ಲ ಎಂಬುದು ನಿಜ. ಆದರೆ ಆ ಬದಲಾವಣೆ ಸೇವೆಯ ಭಾಗ; ಅದೂ ಚರಿತ್ರೆಯೇ.

ನಕಲಿಯ ಜಾಡು

ವಿದೇಶಿ ಸಂಗ್ರಾಹಕರು 'ಮುಂಬೈ ಸ್ಪೆಷಲ್' ಎಂಬ ಮಾತನ್ನು ಬಳಸುವುದುಂಟು. ಹಳೆಯ ಸ್ವಿಸ್ ಅಥವಾ ಎಚ್‌ಎಂಟಿ ಒಳಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್, ಎಲ್ಲಿಂದಲೋ ತಂದ ಮುಳ್ಳು, ಕವಚ ಸೇರಿಸಿ, ಡಯಲ್ ಮೇಲೆ ಬಾಣವನ್ನೋ 'ಮಿಲಿಟರಿ' ಎಂಬ ಪದವನ್ನೋ ಅಚ್ಚು ಹಾಕಿದ ಗಡಿಯಾರಗಳಿವು. ಹಳೆಯ ಗಡಿಯಾರಕ್ಕೆ ಹೊಸ ಡಯಲ್ ಹಾಕಿ ಓಡಿಸುವುದು ತಪ್ಪಲ್ಲ. ಬಡವನ ಕೈಗೆ ಗಡಿಯಾರ ದೊರಕಿಸಿಕೊಟ್ಟ ಕುಶಲ ಕೆಲಸವದು. ತಪ್ಪಿರುವುದು ಅದನ್ನು 'ಯುದ್ಧಕಾಲದ ಅಸಲಿ' ಎಂದು ಬರೆದು ಮಾರುವುದರಲ್ಲಿ.

ಗುರುತಿಸಲು ಭೂತಗನ್ನಡಿ ಸಾಕು. ಅಕ್ಷರಗಳ ಅಂಚು ಹರಡಿದೆಯೇ? ನಿಮಿಷದ ಗೆರೆಗಳು ಅಂಕಿಗಳ ನೇರಕ್ಕಿವೆಯೇ? ಸೆಕೆಂಡಿನ ಸಣ್ಣ ವೃತ್ತ ಅದರದೇ ಮುಳ್ಳಿನ ರಂಧ್ರಕ್ಕೆ ಸರಿಯಾಗಿ ಕೇಂದ್ರಿತವಾಗಿದೆಯೇ? ಕವಚ ಸವೆದಿದ್ದರೂ ಕೆತ್ತನೆ ಮಾತ್ರ ಹರಿತವಾಗಿದೆಯೇ? ಡಯಲ್‌ನ ಬಣ್ಣ ಒಂದು ರೀತಿ, ಮುಳ್ಳಿನ ಬಣ್ಣ ಇನ್ನೊಂದು ರೀತಿ ಮಾಸಿದೆಯೇ? ಇವುಗಳಲ್ಲಿ ಎರಡಕ್ಕೆ ಅನುಮಾನ ಬಂದರೂ ಕೊಳ್ಳುವ ಆತುರ ಬೇಡ. ಒಳಯಂತ್ರದ ಛಾಯಾಚಿತ್ರ ತೋರಿಸಲೊಪ್ಪದ ಮಾರಾಟಗಾರನೊಂದಿಗೆ ವ್ಯವಹಾರವೇ ಬೇಡ.

ಮರೆಯಬಾರದ ಅಪಾಯ: ರೇಡಿಯಂ

1960ರ ದಶಕಕ್ಕಿಂತ ಹಿಂದಿನ ಗಡಿಯಾರಗಳಲ್ಲಿ ಹೊಳೆಯುತ್ತಿದ್ದುದು ರೇಡಿಯಂ ಮತ್ತು ಸತುವಿನ ಸಲ್ಫೈಡ್ ಮಿಶ್ರಣ. ರೇಡಿಯಂನ ವಿಕಿರಣ ಸಲ್ಫೈಡನ್ನು ಬೆಳಗಿಸುತ್ತಿತ್ತು. ಕೆಲವು ದಶಕಗಳಲ್ಲಿ ಸಲ್ಫೈಡ್ ಸುಟ್ಟು ಹೊಳಪು ಸಾಯುತ್ತದೆ. 'ಹೊಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ' ಎಂಬ ತಪ್ಪು ಕಲ್ಪನೆ ಹುಟ್ಟುವುದು ಇಲ್ಲಿಯೇ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1,600 ವರ್ಷ. 1945ರಲ್ಲಿ ಬಳಿದ ರೇಡಿಯಂನಲ್ಲಿ ಶೇ. 96ಕ್ಕೂ ಹೆಚ್ಚು ಭಾಗ ಇಂದೂ ಹಾಗೆಯೇ ಇದೆ. ಇದಕ್ಕೆ ವ್ಯತಿರಿಕ್ತವಾಗಿ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, 1970ರ ಗಡಿಯಾರದಲ್ಲಿ ಈಗ ಉಳಿದಿರುವುದು ಶೇ. 5ಕ್ಕಿಂತ ಕಡಿಮೆ, ಅದರ ದುರ್ಬಲ ಕಿರಣ ಗಾಜನ್ನು ದಾಟುವುದೂ ಇಲ್ಲ.

ಈ ಬಣ್ಣದ ಬೆಲೆ ತೆತ್ತವರಲ್ಲಿ ಮೊದಲಿಗರು ಸೈನಿಕರಲ್ಲ, ಡಯಲ್‌ಗೆ ಬಣ್ಣ ಬಳಿಯುತ್ತಿದ್ದ ಅಮೆರಿಕದ ಹೆಣ್ಣುಮಕ್ಕಳು. ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುವಂತೆ ಅವರಿಗೆ ಕಲಿಸಲಾಗಿತ್ತು. ದವಡೆ ಕೊಳೆತು, ಮೂಳೆ ಮುರಿದು ಹಲವರು ಸತ್ತರು. ನ್ಯೂಜೆರ್ಸಿಯ ಐವರು ಮಹಿಳೆಯರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು; ಕಾರ್ಮಿಕ ಸುರಕ್ಷತೆಯ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು. ಹಳೆಯ ಗಡಿಯಾರ ಸಂಗ್ರಹಿಸುವವರು ಈ ಕಥೆಯನ್ನೂ ಅದರೊಂದಿಗೆ ಇಟ್ಟುಕೊಳ್ಳಬೇಕು.

ಕವಚ ಮುಚ್ಚಿರುವ ಒಂದು ಗಡಿಯಾರದಿಂದ ತಕ್ಷಣದ ಭಯವಿಲ್ಲ. ಅಪಾಯವಿರುವುದು ಎರಡು ಕಡೆ. ಮೊದಲನೆಯದು, ಕವಚ ತೆರೆದಾಗ ಪುಡಿಯಾದ ಬಣ್ಣ ಉಸಿರಿನ ಮೂಲಕವೋ ಬೆರಳಿನ ಮೂಲಕವೋ ದೇಹ ಸೇರುವುದು. ಎರಡನೆಯದು, ರೇಡಿಯಂ ಕ್ಷಯಿಸಿ ಹುಟ್ಟುವ ರೇಡಾನ್ ಅನಿಲ. ಇಂಗ್ಲೆಂಡಿನ ನಾರ್ಥಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪಾಲ್ಗೊಂಡು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 30 ಹಳೆಯ ಸೇನಾ ಗಡಿಯಾರಗಳ ಸಂಗ್ರಹವೊಂದರಿಂದ ಉಂಟಾದ ರೇಡಾನ್ ಪ್ರಮಾಣ ಆ ದೇಶದ ಶಿಫಾರಸು ಮಿತಿಗಿಂತ 134 ಪಟ್ಟು ಇರುವುದು ಕಂಡುಬಂತು. ಆದ್ದರಿಂದ ಇಂಥವನ್ನು ಮಲಗುವ ಕೋಣೆಯಲ್ಲಿ, ಗಾಳಿಯಾಡದ ಕಪಾಟಿನಲ್ಲಿ ರಾಶಿ ಹಾಕಬಾರದು. ಮಕ್ಕಳ ಕೈಗೆ ಕೊಡಬಾರದು. ಸ್ವತಃ ತೆರೆಯಬಾರದು, ಬಣ್ಣವನ್ನು ಕೆರೆಯುವುದಂತೂ ಸಲ್ಲದು. ದುರಸ್ತಿಗೆ ಕೊಡುವಾಗ ಡಯಲ್ ರೇಡಿಯಂನದೆಂದು ಕುಶಲಕರ್ಮಿಗೆ ಮೊದಲೇ ತಿಳಿಸುವುದು ಮಾಲೀಕನ ಕರ್ತವ್ಯ. ವರ್ಷಗಟ್ಟಲೆ ಅದರ ಮೇಲೆ ಬಾಗಿ ಕೂರುವವನು ಅವನು.

ಇದೇ ಗುಣ ಪರೀಕ್ಷೆಗೂ ಒದಗುತ್ತದೆ. 1945ರದೆಂದು ಹೇಳುವ ಗಡಿಯಾರ ಕತ್ತಲೆಯಲ್ಲಿ ಪ್ರಖರ ಹಸಿರಾಗಿ ಬೆಳಗಿದರೆ, ಆ ಬಣ್ಣವನ್ನು ಇತ್ತೀಚೆಗೆ ಬಳಿಯಲಾಗಿದೆ ಎಂದೇ ತಿಳಿಯಬೇಕು.

ಕಾಪಾಡುವ ಕ್ರಮ

ಕೀಲಿ ಕೊಡುವ ಗಡಿಯಾರಕ್ಕೆ ದಿನಕ್ಕೊಮ್ಮೆ, ಒಂದೇ ವೇಳೆಗೆ, ತಡೆ ಸಿಗುವವರೆಗೆ ಮಾತ್ರ ಕೀಲಿ ಕೊಡಬೇಕು. ವರ್ಷಗಳಿಂದ ನಿಂತಿರುವುದನ್ನು ಒಮ್ಮೆಲೇ ಓಡಿಸಬಾರದು. ಒಣಗಿದ ಎಣ್ಣೆಯಲ್ಲಿ ಓಡಿದರೆ ತಿರುಗುಚ್ಚುಗಳು ಸವೆಯುತ್ತವೆ. ಹಿಂಬದಿಯಲ್ಲಿ 'ಜಲನಿರೋಧಕ' ಎಂದು ಬರೆದಿದ್ದರೂ ನೀರಿಗೆ ಇಳಿಸಬಾರದು, ಆ ರಬ್ಬರು ಎಂದೋ ಸತ್ತಿರುತ್ತದೆ. ಕವಚಕ್ಕೆ ಹೊಳಪು ಹಾಕಿಸಬಾರದು. ಹೊಳಪಿನೊಂದಿಗೆ ಕೆತ್ತನೆಯೂ ಅಳಿಯುತ್ತದೆ, ಕೆತ್ತನೆ ಅಳಿದ ಮೇಲೆ ಅದು ಹಳೆಯ ಗಡಿಯಾರವಷ್ಟೇ.

ಅನೇಕ ಸೇನಾ ಗಡಿಯಾರಗಳ ಪಟ್ಟಿಯ ಸರಳುಗಳನ್ನು ಕವಚಕ್ಕೇ ಬೆಸೆದಿರುತ್ತಾರೆ, ಸೆಣಸಾಟದಲ್ಲಿ ಕಳಚಿಬೀಳದಿರಲೆಂದು. ಇವಕ್ಕೆ ಸರಳಿನಡಿ ತೂರಿಸುವ ನೈಲಾನ್ ಪಟ್ಟಿಯೇ ಸರಿ. 'ನ್ಯಾಟೊ ಪಟ್ಟಿ' ಎಂದು ಇಂದು ಕರೆಸಿಕೊಳ್ಳುವ ಇದರ ಮೂಲ 1973ರ ಬ್ರಿಟಿಷ್ ರಕ್ಷಣಾ ಮಾನದಂಡದಲ್ಲಿದೆ. ಬೆಸೆದ ಸರಳನ್ನು ಗರಗಸದಿಂದ ಕೊಯ್ಯಿಸುವುದು ಅಕ್ಷಮ್ಯ.

ಆರಂಭಿಸುವವರಿಗೆ

ಮೊದಲು ಓದು, ಅನಂತರ ಖರೀದಿ. ಒಂದೇ ಮಾದರಿಯನ್ನು ಆರಿಸಿಕೊಂಡು ಅದರ ಹತ್ತಾರು ಅಸಲಿ ಚಿತ್ರಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳುವುದು ಉತ್ತಮ. ವಿರಳವಾದದ್ದರ ಬೆನ್ನು ಹತ್ತುವ ಬದಲು ಸಾಮಾನ್ಯವಾದ, ಆದರೆ ಮೂಲ ಸ್ಥಿತಿಯಲ್ಲಿರುವ ಒಂದು ಗಡಿಯಾರದಿಂದ ಆರಂಭಿಸಬಹುದು. ಕಥೆಯನ್ನು ಕೊಳ್ಳಬೇಡಿ, ಗಡಿಯಾರವನ್ನು ಕೊಳ್ಳಿ ಎಂಬುದು ಈ ಹವ್ಯಾಸದ ಹಳೆಯ ಬುದ್ಧಿಮಾತು. ಕಥೆಗೆ ದಾಖಲೆಯಿದ್ದರೆ ಮಾತ್ರ ಅದಕ್ಕೆ ಬೆಲೆ.

ಮಾಜಿ ಸೈನಿಕರ ಕುಟುಂಬಗಳಿಗೆ ಈ ಮಾತು ಇನ್ನೊಂದು ರೀತಿಯಲ್ಲಿ ಅನ್ವಯಿಸುತ್ತದೆ. ಪೆಟ್ಟಿಗೆಯಲ್ಲಿ ಗಡಿಯಾರ ದೊರೆತರೆ ಅದನ್ನು ಮುಟ್ಟುವ ಮೊದಲು ಎದುರು, ಹಿಂಬದಿಗಳ ಛಾಯಾಚಿತ್ರ ತೆಗೆಯಿರಿ. ಅದು ಯಾರದು, ಯಾವ ರೆಜಿಮೆಂಟು, ಯಾವ ವರ್ಷಗಳ ಸೇವೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಕಾಗದದ ಮೇಲೆ ಬರೆದಿಡಿ. ಸೇವಾ ಪುಸ್ತಕ, ಪದಕ, ಹಳೆಯ ಭಾವಚಿತ್ರಗಳನ್ನು ಅದರ ಜತೆಯಿಂದ ಬೇರ್ಪಡಿಸಬೇಡಿ. ಮಾರುವುದೋ ಇಟ್ಟುಕೊಳ್ಳುವುದೋ ಆಮೇಲಿನ ಪ್ರಶ್ನೆ. ಕೆಟ್ಟ ಒಳಯಂತ್ರವನ್ನು ನುರಿತವರು ಇಂದಲ್ಲ ನಾಳೆ ಓಡಿಸಿಯಾರು. ಹೇಳುವ ಹಿರಿಯರು ಹೋದ ಮೇಲೆ ಆ ಗಡಿಯಾರ ಯಾರ ಕೈಯಲ್ಲಿತ್ತೆಂಬುದನ್ನು ಮಾತ್ರ ಯಾವ ಕುಶಲಕರ್ಮಿಯೂ ಮರಳಿ ತರಲಾರ.